ಬಕೆಟಿನ ನೀರು ಟ್ಯಾಂಕಿಗೆ ಏರಿದ ವಾರ

ವಿನೆಗರ್ ಆಗಬೇಕಾದದ್ದು ವಿನೆಗರ್ ಆಗಲಿಲ್ಲ. ಗಲಾಟೆ ಶುರುವಾದದ್ದೇ ಅಲ್ಲಿಂದ. ಬೇರೆ ಊರಾಗಿದ್ದರೆ ಎರಡು ದಿನ ಗೊಣಗಿ, ಟ್ಯಾಂಕು ಖಾಲಿ ಮಾಡಿ, ಮುಂದಿನ ಕೆಲಸ ನೋಡಬಹುದಿತ್ತು. ದೋಹಾದಲ್ಲಿ ಅದು ಅಷ್ಟು ಸಲೀಸಲ್ಲ. ಖರ್ಜೂರದ ರಸ ಹುಳಿಯಾಗುವ ಮೊದಲು ಕೆಲವು ದಿನ ಆಲ್ಕೋಹಾಲ್ ಆಗಿಯೇ ಇರುತ್ತದೆ. ಆ ಹಂತ ದಾಟದೆ ವಿನೆಗರ್ ಇಲ್ಲ. ನಮ್ಮ ಕಾರ್ಖಾನೆಗೆ ಅದಕ್ಕೆ ಅನುಮತಿ ಇತ್ತು, ಆದರೆ ಇಷ್ಟೇ ದಿನ ಎಂಬ ಕಟ್ಟು ಹಾಕಿ. ಅಷ್ಟರೊಳಗೆ ಹುಳಿಯಾಗದೆ ನಿಂತುಬಿಟ್ಟರೆ ನಮ್ಮ ಕೈಯಲ್ಲಿರುವುದು ವಿನೆಗರ್ ಅಲ್ಲ, ಎಂಟುನೂರೈವತ್ತು ಲೀಟರ್ ವೈನು. ಅದನ್ನು ಬೇಕೆಂದೇ ಯಾರೋ ನಿಲ್ಲಿಸಿದ್ದಾರೆ ಎಂದಾದರೆ ಆ ಮನುಷ್ಯ ಜೈಲಿಗೆ ಹೋಗಬೇಕು.

ಆ ಮನುಷ್ಯ ಅಂತ ನಮ್ಮವರು ಬೆರಳು ತೋರಿಸಿದ್ದು ಟ್ಯಾಂಕ್ ಆಪರೇಟರ್ ಕಡೆಗೆ. ಐವತ್ತನಾಲ್ಕು ವರ್ಷ, ಕಾರ್ಕಳದ ಕಡೆಯವರು. ನಾನು ಬೆಳ್ಮಣ್ಣಿನ ಹತ್ತಿರದವಳು, ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುವವಳು. ವಯಸ್ಸಿನಲ್ಲಿ ದೊಡ್ಡವರಾದರೂ ಅವರು ನನ್ನನ್ನು ಅಕ್ಕ ಅನ್ನುತ್ತಿದ್ದರು, ನಾನು ಅಣ್ಣ ಅನ್ನುತ್ತಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ವಾರವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಾರ್ಖಾನೆ ಹಮದ್ ಬಂದರಿಗೆ ಹೋಗುವ ದಾರಿಯಲ್ಲಿ ಒಂದು ಶೆಡ್ಡು. ಹಿಂದಿನ ಭಾಗದಲ್ಲಿ ಬೀಗ ಹಾಕಿದ ಕೋಣೆ. ಅದರೊಳಗೆ ಎರಡು ಸ್ಟೀಲ್ ಟ್ಯಾಂಕು. ಬೀಗದ ಕೈ ಆಪರೇಟರ್ ಹತ್ತಿರ ಮಾತ್ರ. ಖರ್ಜೂರದ ರಸಕ್ಕೆ ಯೀಸ್ಟ್ ಹಾಕಿದ ಮೇಲೆ ಅದು ಉಕ್ಕುತ್ತದೆ, ಗಾಳಿ ಬಿಡುತ್ತದೆ. ಆ ಗಾಳಿ ಹೊರಗೆ ಹೋಗಬೇಕು, ಹೊರಗಿನ ನೊಣ, ಧೂಳು, ಕ್ರಿಮಿ ಒಳಗೆ ಬರಬಾರದು. ಅದಕ್ಕೆ ಮುಚ್ಚಳದಿಂದ ಒಂದು ಪಾರದರ್ಶಕ ಪೈಪು ಎಳೆದು, ಅದರ ತುದಿಯನ್ನು ನೆಲದ ಮೇಲಿನ ಬಕೆಟಿನ ನೀರಿನಲ್ಲಿ ಮುಳುಗಿಸುತ್ತೇವೆ. ದಿನವಿಡೀ ಗುಳುಗುಳು ಅನ್ನುತ್ತಿರುತ್ತದೆ, ಹಾಗಾಗಿ ನಮ್ಮಲ್ಲಿ ಅದರ ಹೆಸರು ಬಬಲ್ ಪೈಪ್. ಬಕೆಟಿನ ನೀರಿನಲ್ಲೂ ಏನೂ ಬೆಳೆಯಬಾರದೆಂದು ಸಲ್ಫೈಟ್ ಪುಡಿ ಕಲಸುತ್ತೇವೆ. ಇಪ್ಪತ್ತು ಲೀಟರಿನ ಬಕೆಟಿಗೆ ನೂರು ಗ್ರಾಮಿನ ಎರಡು ಪೊಟ್ಟಣ. ಗೋಡೆಗೆ ಅಂಟಿಸಿದ ವಿಧಾನದ ಹಾಳೆ ಬರೆದವಳು ನಾನೇ: ಕಾಲು ಬಕೆಟ್ ನೀರು ಸಾಕು, ಪೈಪಿನ ತುದಿ ನಾಲ್ಕು ಬೆರಳು ಮುಳುಗಿದರೆ ಸಾಕು.

ಹಾಳೆಯಲ್ಲಿ ಹಾಗೆ ಇತ್ತು. ಬಕೆಟಿನಲ್ಲಿ ಯಾವತ್ತೂ ಹಾಗೆ ಇರಲಿಲ್ಲ. ಆಪರೇಟರ್ ಗುರುವಾರ ಬಾಗಿಲು ಹಾಕುವ ಮೊದಲು ಬಕೆಟನ್ನು ಕಂಠಮಟ್ಟ ತುಂಬಿಸಿಯೇ ಹೋಗುವುದು. ಒಮ್ಮೆ ಕೇಳಿದ್ದಕ್ಕೆ, "ಅರ್ಧ ಬಕೆಟ್ ಇಟ್ಟು ಬಾಗಿಲು ಹಾಕ್ಬಾರ್ದು ಅಕ್ಕ. ನಮ್ಮಲ್ಲಿ ಅಂಗಡಿ ಮುಚ್ಚುವಾಗಲೂ ಕೊಡಪಾನ ತುಂಬಿಸಿಯೇ ಮುಚ್ಚುದಲ್ವಾ?" ಅಂದಿದ್ದರು. ನನ್ನ ಅಜ್ಜಿಯೂ ಹಾಗೆಯೇ ಮಾಡುತ್ತಿದ್ದರು. ಒಳ್ಳೆಯ ಕ್ರಮ ಅನ್ನಿಸಿ ಸುಮ್ಮನಾದೆ. ಕ್ವಾಲಿಟಿ ನೋಡಿಕೊಳ್ಳುವವಳು ನಾನು! ನನ್ನ ಹಾಳೆಗೆ ನಾನೇ ಮರ್ಯಾದೆ ಕೊಡಲಿಲ್ಲ.

ಮೊದಲ ಟ್ಯಾಂಕಿನ ಯೀಸ್ಟ್ ಕೆಲಸ ಒಂದು ಗುರುವಾರಕ್ಕೆ ಮುಗಿಯುತ್ತ ಬಂತು. ಶುಕ್ರವಾರ ರಜೆ. ಶನಿವಾರ ಬೆಳಿಗ್ಗೆ ಅದಕ್ಕೆ ವಿನೆಗರಿನ ಮದರ್ ಹಾಕಿದೆವು. ಮದರ್ ಅಂದರೆ ಹಳೆಯ ವಿನೆಗರಿನಲ್ಲಿ ಕೆನೆಯ ಹಾಗೆ ಕಟ್ಟುವ ಪದರ, ಆಲ್ಕೋಹಾಲನ್ನು ಹುಳಿ ಮಾಡುವ ಬ್ಯಾಕ್ಟೀರಿಯಾ ಇರುವುದೇ ಅದರಲ್ಲಿ. ಗಾಳಿ ಊದಲು ಪಂಪು ಹಚ್ಚಿದೆವು. ಮೂರು ದಿನದಲ್ಲಿ ಮೂಗಿಗೆ ಹುಳಿ ಹೊಡೆಯಬೇಕು. ಮೂರು ಹೋಗಿ ಏಳಾಯಿತು. ಮುಚ್ಚಳ ತೆಗೆದರೆ ವೈನಿನ ವಾಸನೆಯೇ. ಮದರ್ ಬೂದು ಬಣ್ಣಕ್ಕೆ ತಿರುಗಿ ತಳಕ್ಕೆ ಕುಸಿದಿತ್ತು. ಎರಡನೇ ಸಲ ಹಾಕಿದೆ, ಅದೂ ಸತ್ತಿತು.

ಭಾನುವಾರ ಸ್ಯಾಂಪಲ್ ತೆಗೆದು ಲ್ಯಾಬಿನಲ್ಲಿ ಅಯೋಡಿನ್ ಹನಿಸಿ ನೋಡಿದೆ. ಇರಬೇಕಾದದ್ದಕ್ಕಿಂತ ಹತ್ತು ಪಟ್ಟು ಸಲ್ಫೈಟ್. ನಂಬದೆ ಮತ್ತೆರಡು ಸಲ ಮಾಡಿದೆ. ಅದೇ ಉತ್ತರ. ಇಷ್ಟು ಸಲ್ಫೈಟ್ ಇದ್ದಲ್ಲಿ ಮದರ್ ಬದುಕುವ ಮಾತೇ ಇಲ್ಲ.

ನೇರವಾಗಿ ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಹೋದೆ. ಅವರು ಮೈಸೂರಿನವರು, ನಯವಾಗಿ ಮಾತಾಡುವ ಮನುಷ್ಯ. ನಾನು ಬುದ್ಧಿವಂತಿಕೆ ತೋರಿಸಿಕೊಳ್ಳಲು ಹೋಗಿ ಒಂದು ಮಾತು ಹೆಚ್ಚಿಗೆ ಆಡಿದೆ: "ವೈನ್ ಮಾಡುವವರು ಅದು ಹುಳಿಯಾಗದಿರಲಿ ಅಂತ ಇದನ್ನೇ ಹಾಕ್ತಾರೆ ಸರ್. ನಮ್ಮದರಲ್ಲಿ ಹೇಗೆ ಬಂತೋ ಗೊತ್ತಾಗ್ತಾ ಇಲ್ಲ."

ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಏನಂದ್ರಿ? ಹುಳಿಯಾಗ್ದೆ ಇರಕ್ಕೆ ಹಾಕ್ತಾರಾ?"

ಅರ್ಧ ಗಂಟೆಯಲ್ಲಿ ಸ್ಟೋರಿನ ರಿಜಿಸ್ಟರ್ ಅವರ ಮೇಜಿನ ಮೇಲಿತ್ತು. ವಾರಕ್ಕೆ ಎರಡು ಪೊಟ್ಟಣ ಹೋಗುವಲ್ಲಿ ಮೊದಲ ಸಲ ಮದರ್ ಹಾಕಿದ ವಾರ ನಾಲ್ಕು ಹೋಗಿತ್ತು. ಎರಡು ಗುರುವಾರ, ಇನ್ನೆರಡು ಶನಿವಾರ ಬೆಳಿಗ್ಗೆ. ನಾಲ್ಕಕ್ಕೂ ಆಪರೇಟರ್ ಸಹಿ. ಕೋಣೆಯ ಬೀಗದ ಕೈಯೂ ಅವರದ್ದೇ.

"ನೋಡಿ ಮೇಡಂ, ಸಿಕ್ಬಿಟ್ಟ," ಅಂದರು ಮ್ಯಾನೇಜರ್. "ಅವ್ರಪ್ಪ ಊರಲ್ಲಿ ಕಳ್ಳು ಇಳಿಸ್ತಿದ್ರಂತೆ, ಕ್ಯಾಂಟೀನಲ್ಲಿ ಅವನೇ ಹೇಳ್ಕೊಂಡಿದ್ದ. ರಕ್ತದಲ್ಲೇ ಇದೆ. ವೈನ್ ಹಾಗೇ ಉಳಿಸ್ಕೊಂಡು ಮೆಲ್ಲಗೆ ಹೊರಗಡೆ ಸಾಗ್ಸೋ ಪ್ಲಾನು."

"ಸರ್, ಅಪ್ಪನ ಕೆಲಸಕ್ಕೂ ಇದಕ್ಕೂ ಎಂತ ಸಂಬಂಧ?"

"ನೀವು ಊರವ್ರು ಅಂತ ಅವನ ಪರ ಮಾತಾಡ್ಬೇಡಿ. ಇದು ನಮ್ಮೆಲ್ರ ಕುತ್ತಿಗೆಗೆ ಬರೋ ವಿಷ್ಯ."

ನನಗೆ ತಲೆ ಕೆಟ್ಟುಹೋಯಿತು. ಕಳ್ಳು ಇಳಿಸುವವರ ಮಗನಾದರೆ ಕಳ್ಳನಾ? ಬಾಯಿಯವರೆಗೆ ಬಂದ ಮಾತನ್ನು ನುಂಗಿ ಎದ್ದು ಬಂದೆ. ಅಷ್ಟರಲ್ಲಿ ಅವರು ಮಾಲೀಕರಿಗೆ ಫೋನು ಹಚ್ಚಿಯಾಗಿತ್ತು. ಮಾಲೀಕರು ಕತಾರಿನವರು, ವಯಸ್ಸಾದವರು, ವಾರಕ್ಕೊಮ್ಮೆ ಗುರುವಾರ ಬರುವುದು. ತೀರ್ಮಾನ ಸಂಜೆಯೊಳಗೆ ಬಂತು: ಗುರುವಾರ ಅವರು ಬಂದು ನೋಡುತ್ತಾರೆ, ಅದೇ ದಿನ ಅನುಮತಿ ಕೊಟ್ಟ ಇಲಾಖೆಯ ಇನ್ಸ್‌ಪೆಕ್ಟರಿಗೆ ತಿಳಿಸಿ ಆಪರೇಟರ್ ಮೇಲೆ ಪೊಲೀಸ್ ದೂರು. ಅಲ್ಲಿಯವರೆಗೆ ಅವರು ಟ್ಯಾಂಕಿನ ಕೋಣೆಗೆ ಕಾಲಿಡುವ ಹಾಗಿಲ್ಲ. ಬೀಗದ ಕೈ ನನ್ನ ಕೈಗೆ ಬಂತು.

ಸೋಮವಾರ ಊಟದ ಹೊತ್ತಿಗೆ ಆಪರೇಟರ್ ಕ್ಯಾಂಟೀನಿನ ಮೂಲೆಯಲ್ಲಿ ಒಬ್ಬರೇ ಕೂತಿದ್ದರು. ತಟ್ಟೆ ಹಾಗೆಯೇ ಇತ್ತು. ಎದುರು ಕೂತು ಕೇಳಿದೆ.

"ಶನಿವಾರ ಎರಡು ಪೊಟ್ಟಣ ಯಾಕೆ ತೆಗೊಂಡ್ರಿ ಅಣ್ಣ?"

"ಬಕೆಟಿಗೆ. ಬಕೆಟ್ ಖಾಲಿ ಇತ್ತು."

"ಖಾಲಿ ಅಂದ್ರೆ?"

"ಖಾಲಿ ಅಂದ್ರೆ ಖಾಲಿ ಅಕ್ಕ. ತಳದಲ್ಲಿ ಒಂದು ಲೋಟದಷ್ಟು ಇತ್ತು. ಈ ಸೆಖೆಗೆ ಆರಿದೆ ಅಂತ ಗ್ರಹಿಸಿದೆ. ಪುನಃ ಪುಡಿ ಕಲಸಿ ತುಂಬಿಸಿದೆ."

"ಟ್ಯಾಂಕಿನ ರಿಜಿಸ್ಟರಲ್ಲಿ ಯಾಕೆ ಬರೀಲಿಲ್ಲ?"

"ಬಕೆಟಿಗೆ ನೀರು ಹಾಕಿದ್ದನ್ನೆಲ್ಲ ಬರೀತಾರಾ?"

"ನಿಮಗೆ ತಲೆ ಸರಿ ಉಂಟಾ ಮಾರಾಯ್ರೆ?" ನಾನು ಕೂಗಿಯೇ ಬಿಟ್ಟೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. "ಇಪ್ಪತ್ತು ಲೀಟರ್! ಎಸಿ ಹಾಕಿದ ಕೋಣೆಯಲ್ಲಿ ಒಂದೂವರೆ ದಿನದಲ್ಲಿ ಆರ್ತದಾ?"

ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು, ಯಾಕೆಂದರೆ ದೋಹಾದಲ್ಲಿ ನಾವೆಲ್ಲ ಹೀಗೆಯೇ. ಬಾಲ್ಕನಿಯಲ್ಲಿಟ್ಟ ಬಟ್ಟೆ ಹತ್ತು ನಿಮಿಷಕ್ಕೆ ಒಣಗುತ್ತದೆ, ಗಿಡಕ್ಕೆ ಹಾಕಿದ ನೀರು ಕಣ್ಣೆದುರೇ ಮಾಯವಾಗುತ್ತದೆ. ಏನು ಕಾಣೆಯಾದರೂ ಸೆಖೆಯ ತಲೆಗೆ ಕಟ್ಟುವುದು ಅಭ್ಯಾಸವಾಗಿಬಿಟ್ಟಿದೆ. ಆದರೆ ಆ ನೀರನ್ನು ಸೆಖೆ ಕುಡಿದಿರಲಿಲ್ಲ. ಹಾಗಾದರೆ ಎಲ್ಲಿಗೆ ಹೋಯಿತು?

ಊಟ ಬಿಟ್ಟು ಕೋಣೆಗೆ ಓಡಿದೆ. ಮೊದಲ ಟ್ಯಾಂಕಿನ ಬಬಲ್ ಪೈಪು ಬಿಚ್ಚಿ ಗೋಡೆಗೆ ನೇತುಹಾಕಿದ್ದು ಹಾಗೆಯೇ ಇತ್ತು. ಬೆಳಕಿಗೆ ಹಿಡಿದು ನೋಡಿದೆ. ಪೈಪಿನ ಒಳಮೈಯಲ್ಲಿ ಉದ್ದಕ್ಕೂ ಬಿಳಿ ಹುಡಿ ಒಣಗಿ ಅಂಟಿತ್ತು. ಬಕೆಟಿನಲ್ಲಿ ಮುಳುಗುವ ತುದಿಯಲ್ಲಿದ್ದರೆ ಆಶ್ಚರ್ಯವಿಲ್ಲ. ಅದು ಇದ್ದದ್ದು ಬಾಗು ದಾಟಿ, ಟ್ಯಾಂಕಿನ ಮುಚ್ಚಳಕ್ಕೆ ಸೇರುವ ತುದಿಯವರೆಗೆ. ಸಲ್ಫೈಟಿನ ನೀರು ಮೇಲಕ್ಕೆ ಹತ್ತಿ ಟ್ಯಾಂಕಿನೊಳಗೆ ಇಳಿದಿತ್ತು.

ಆಮೇಲೆ ಟ್ಯಾಂಕಿನ ರಿಜಿಸ್ಟರ್ ತೆಗೆದೆ. ದಿನಾ ಬೆಳಿಗ್ಗೆ ಅಳತೆ ಕೋಲು ಇಳಿಸಿ ಮಟ್ಟ ಬರೆಯುವುದು ಆಪರೇಟರ್ ಕೆಲಸ. ಗುರುವಾರದ ಮಟ್ಟಕ್ಕಿಂತ ಶನಿವಾರ ಮದರ್ ಹಾಕುವ ಮೊದಲಿನದ್ದು ಸರಿಯಾಗಿ ಒಂದು ಬಕೆಟಿನಷ್ಟು ಹೆಚ್ಚು. ಏನೂ ಯೋಚಿಸದೆ, ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು. ಬೇಕೆಂದು ಹಾಕುವವನು ಪುಡಿ ಹಾಕುತ್ತಾನೆ, ಬಕೆಟ್ ನೀರು ಹೊತ್ತು ಸುರಿಯುತ್ತಾನಾ? ಸುರಿದು ಮಟ್ಟ ಏರಿದೆ ಅಂತ ತಾನೇ ಬರೆದಿಡುತ್ತಾನಾ?

ಉಳಿದದ್ದು ಒಂದೇ ಪ್ರಶ್ನೆ: ಗಾಳಿ ಹೊರಗೆ ಬಿಡಬೇಕಾದ ಟ್ಯಾಂಕು ನೀರನ್ನು ಒಳಗೆ ಯಾಕೆ ಎಳೆಯಿತು? ಟ್ಯಾಂಕನ್ನು ತಣ್ಣಗಿಡುವ ಚಿಲ್ಲರಿನ ಪ್ಯಾನೆಲ್‌ನಲ್ಲಿ ಹಳೆಯ ದಾಖಲೆ ತೆಗೆದು ನೋಡಿದೆ. ಇಪ್ಪತ್ತಾರು ಡಿಗ್ರಿಯಲ್ಲಿದ್ದ ಟ್ಯಾಂಕನ್ನು ಗುರುವಾರ ಮಧ್ಯಾಹ್ನ, ಎಲ್ಲರೂ ಬಸ್ಸು ಹತ್ತಿದ ಮೇಲೆ, ಯಾರೋ ಹತ್ತು ಡಿಗ್ರಿಗೆ ಇಳಿಸಿದ್ದರು. ಪ್ಯಾನೆಲ್ ಮುಟ್ಟಿ ಅಲ್ಲ, ಮೊಬೈಲಿನಿಂದ. ಮೊಬೈಲಿನಲ್ಲಿ ಚಿಲ್ಲರಿನ ಆ್ಯಪ್ ಇರುವುದು ಒಬ್ಬರಿಗೆ ಮಾತ್ರ.

ಮ್ಯಾನೇಜರ್ ಒಪ್ಪಿಕೊಳ್ಳಲು ಹಿಂಜರಿಯಲೇ ಇಲ್ಲ. "ಹೌದು, ನಾನೇ ಇಳ್ಸಿದ್ದು. ಎರಡು ದಿನ ತಣ್ಣಗಿದ್ರೆ ಯೀಸ್ಟ್ ತಳಕ್ಕೆ ಕೂತ್ಕೊಳತ್ತೆ, ಶನಿವಾರ ಟೈಮ್ ಉಳಿಯತ್ತೆ ಅಂತ. ಅದ್ರಲ್ಲೇನು ತಪ್ಪು?"

"ಬಬಲ್ ಪೈಪ್ ತೆಗೆಸದೆ ಇಳಿಸಿದ್ರಲ್ಲ ಸರ್? ಟ್ಯಾಂಕ್ ತಣ್ಣಗಾದ್ರೆ ಮೇಲಿನ ಗಾಳಿ ಕುಗ್ಗುತ್ತದೆ, ಅರ್ಧ ಗಾಳಿ ರಸದಲ್ಲೇ ಕರಗುತ್ತದೆ. ಆ ಜಾಗ ತುಂಬಲಿಕ್ಕೆ ಬಕೆಟಿನ ನೀರನ್ನು ಎಳಕೊಂಡಿದೆ."

"ಆಳೆತ್ತರ ನೀರು ತಾನಾಗೇ ಮೇಲಕ್ಕೆ ಹತ್ತುತ್ತಾ? ನಾನೂ ಸೈನ್ಸ್ ಓದಿದೀನಿ ಮೇಡಂ. ಮಾಲೀಕರ ಮುಂದೆ ಈ ಕತೆ ಹೇಳಿ, ನಗ್ತಾರೆ."

ಆ ನಗೆಯನ್ನು ಮೊದಲು ಅವರೇ ನಕ್ಕರು. ಅವರಿಗೆ ಹೆದರಿಕೆ ಹತ್ತಿದೆ ಎಂದು ನನಗೆ ಗೊತ್ತಾದದ್ದು ಆಗ. ಹೆದರಿದ್ದಕ್ಕೆ ನನಗೆ ಸಿಟ್ಟಿಲ್ಲ, ಆ ಊರಿನಲ್ಲಿ ಯಾರಿಗಾದರೂ ಹೆದರಿಕೆಯಾಗುತ್ತದೆ. ತನ್ನ ಹೆದರಿಕೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿ ಆರಾಮಾಗಿ ಚಹಾ ಕುಡಿಯುತ್ತಿದ್ದರಲ್ಲ, ಅದಕ್ಕೆ ಸಿಟ್ಟು.

ಆ ಸಂಜೆ ಅಲ್ ಥುಮಾಮಾದ ಮನೆಗೆ ಬಂದವಳು ಅಕ್ಕಿ ತೊಳೆಯುವುದನ್ನೂ ಮರೆತು ಮೊಬೈಲಿನಲ್ಲಿ ಹುಡುಕಲು ಕೂತೆ. ನನ್ನ ಸಮಸ್ಯೆಯನ್ನು ಸರಿಯಾಗಿ ಬಲ್ಲವರು ಯಾರು ಅಂದರೆ, ಬೇರೆ ದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸದವರು! ಅವರಿಗೆಲ್ಲ ಇದು ಮಾಮೂಲು. ಫ್ರಿಜ್ಜಿನಲ್ಲಿಟ್ಟೆ, ಬೆಳಿಗ್ಗೆ ನೋಡಿದರೆ ಬಕೆಟಿನ ನೀರೆಲ್ಲ ಬಿಯರಿನೊಳಗೆ, ಏನು ಮಾಡಲಿ ಅಂತ ಒಬ್ಬ ಅಳುತ್ತಾನೆ. ಪೈಪು ಎತ್ತರಕ್ಕೆ ಕಟ್ಟು ಅಂತ ಒಬ್ಬ, ವಾಲ್ವ್ ಹಾಕು ಅಂತ ಇನ್ನೊಬ್ಬ. ಒಬ್ಬರು ಕದ್ದು ವೈನು ಮಾಡಿದರೆಂಬ ಆರೋಪ ಹೊತ್ತ ವಾರದಲ್ಲಿ, ಕತಾರಿನಲ್ಲಿ ಕೂತು, ನಾನು ಬಿಯರ್ ಮಾಡುವ ವಿಧಾನ ಓದುತ್ತಿದ್ದೆ. ಯಾರಾದರೂ ನೋಡಿದರೆ ನನ್ನ ಕತೆಯೂ ಖಲಾಸ್.

ಬಾಯಲ್ಲಿ ಹೇಳಿದರೆ ಮಾಲೀಕರು ನಂಬುವುದಿಲ್ಲ, ಕಣ್ಣಿಗೆ ತೋರಿಸಬೇಕು. ತೋರಿಸಲು ಇದ್ದದ್ದು ಎರಡನೇ ಟ್ಯಾಂಕು ಮಾತ್ರ. ಅದರಲ್ಲಿ ಇನ್ನೂ ಯೀಸ್ಟ್ ಕೆಲಸ ಮಾಡುತ್ತಿತ್ತು. ಅದನ್ನು ಬೇಕೆಂದೇ ತಣ್ಣಗೆ ಮಾಡಿ ನೀರು ಏರುವುದನ್ನು ತೋರಿಸಬೇಕು, ಆದರೆ ಏರಿದ ನೀರು ಒಳಗೆ ಬೀಳಬಾರದು. ಬಿದ್ದರೆ ಎರಡೂ ಟ್ಯಾಂಕು ಹಾಳು, ಆಪರೇಟರ್ ಜೊತೆ ನಾನೂ ಹೊರಗೆ. ಕೇಳಿದರೆ ಯಾರೂ ಒಪ್ಪುವುದಿಲ್ಲ ಎಂದು ಗೊತ್ತಿತ್ತು. ಕೇಳಲಿಲ್ಲ. ಏನಾದರಾಗಲಿ ಅಂತ ನಿರ್ಧಾರ ಮಾಡಿಬಿಟ್ಟೆ.

ಮಂಗಳವಾರ ಬಕೆಟಿನ ಸಲ್ಫೈಟ್ ಚೆಲ್ಲಿ, ಕುದಿಸಿ ಆರಿಸಿದ ನೀರಿಗೆ ಕೆಂಪು ಶರಬತ್ತಿನ ಬಣ್ಣ ಹಾಕಿದೆ. ಪೈಪಿನ ಬಾಗನ್ನು ಮುಚ್ಚಳಕ್ಕಿಂತ ಇನ್ನೊಂದು ಮೀಟರ್ ಮೇಲೆ, ಛಾವಣಿಯ ಕೊಕ್ಕೆಗೆ ಕಟ್ಟಿದೆ. ಅಷ್ಟು ಎತ್ತರ ಹತ್ತಲಾರದೆ ನಡುವೆ ನಿಲ್ಲುತ್ತದೆ, ತೋರಿಸಲು ಅಷ್ಟು ಸಾಕು ಎಂದು ನನ್ನ ಅಂದಾಜು. ಟ್ಯಾಂಕನ್ನು ತಣ್ಣಗಾಗಲು ಬಿಟ್ಟು ಸ್ಟೂಲ್ ಹಾಕಿ ಕೂತೆ. ಮೊದಲು ಗುಳುಗುಳು ನಿಂತಿತು. ಒಂದು ಗಂಟೆಯ ಮೇಲೆ ಕೆಂಪು ನೀರು ಪೈಪಿನಲ್ಲಿ ಗೇಣುದ್ದ ಏರಿತು. ಮಧ್ಯಾಹ್ನ ದಾಟುವಾಗ ಮುಚ್ಚಳದ ಮಟ್ಟ ದಾಟಿತು. ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅನ್ನುತ್ತಿದ್ದೇನೆ, ಅದು ನನ್ನ ಮಾತು ಕೇಳುವ ಹಾಗೆ ಕಾಣಲಿಲ್ಲ. ಬಾಗಿನ ನೆತ್ತಿಗೆ ನಾಲ್ಕು ಬೆರಳು ಇರುವಾಗ ಸ್ಟೂಲ್ ಹತ್ತಿ ಮುಚ್ಚಳದ ಕಡೆಯ ಪೈಪು ಕಿತ್ತೆ. ಪೈಪಿನಲ್ಲಿದ್ದ ನೀರೆಲ್ಲ ದಡಕ್ಕೆಂದು ಬಕೆಟಿಗೆ ಬಿದ್ದು, ಬಕೆಟ್ ಉಕ್ಕಿ ನೆಲವೆಲ್ಲ ಕೆಂಪಾಯಿತು. ಒಂದು ನಿಮಿಷ ತಡವಾಗಿದ್ದರೆ ಅಷ್ಟೂ ಟ್ಯಾಂಕಿನ ಹೊಟ್ಟೆಗೆ.

ಟ್ಯಾಂಕನ್ನು ಮತ್ತೆ ಬೆಚ್ಚಗಾಗಲು ಬಿಟ್ಟು, ಸಂಜೆ ಅಲ್ ಮುಂತಜಾದ ಹಳೆಯ ಅಂಗಡಿಗಳ ಸಾಲಿನಲ್ಲಿ ಅಕ್ವೇರಿಯಂ ಸಾಮಾನಿನ ಅಂಗಡಿ ಹುಡುಕಿದೆ. ಮೀನಿನ ತೊಟ್ಟಿಗೆ ಗಾಳಿ ಊದುವ ಪೈಪಿನಲ್ಲಿ ಒಂದು ಚಿಕ್ಕ ವಾಲ್ವ್ ಇರುತ್ತದೆ. ಗಾಳಿ ಒಂದೇ ಕಡೆಗೆ ಹೋಗುತ್ತದೆ, ವಾಪಸು ಬರುವುದಿಲ್ಲ. ಅಂಗಡಿಯ ಮಲಯಾಳಿ, "ಎಷ್ಟು ಮೀನಿದೆ ಚೇಚಿ?" ಅಂತ ಕೇಳಿದ. "ಒಂದೇ," ಅಂದೆ.

ಬುಧವಾರ ಬೆಳಿಗ್ಗೆ ವಾಲ್ವ್ ಕೂರಿಸಿ ಮತ್ತೆ ತಣ್ಣಗೆ ಮಾಡಿದೆ. ನೀರು ಒಂದು ಹನಿಯೂ ಏರಲಿಲ್ಲ. ಗೆದ್ದೆ ಅಂದುಕೊಂಡೆ. ಮಧ್ಯಾಹ್ನ ಟ್ಯಾಂಕಿನ ಒಳಗಿನಿಂದ ಡಬ್ ಅಂತ ಸದ್ದು ಬಂತು. ನೋಡಿದರೆ ಮುಚ್ಚಳದ ನಡುಭಾಗ ಒಳಕ್ಕೆ ತಗ್ಗಾಗಿದೆ. ನೀರಿನ ದಾರಿ ಮುಚ್ಚಿದ ಮಾತ್ರಕ್ಕೆ ಟ್ಯಾಂಕು ಎಳೆಯುವುದನ್ನು ಬಿಡುತ್ತದಾ? ಏನೂ ಸಿಗದೆ ತನ್ನ ಮೈಯನ್ನೇ ಒಳಗೆ ಎಳೆದುಕೊಳ್ಳುತ್ತಿತ್ತು. ಇನ್ನೊಂದು ಗಂಟೆ ಬಿಟ್ಟಿದ್ದರೆ ಸ್ಟೀಲ್ ಟ್ಯಾಂಕು ಮುದುಡಿ ಹೋಗುತ್ತಿತ್ತೋ ಏನೋ. ಸ್ಟೂಲ್ ಹತ್ತಿ ಪೈಪು ಬಿಡಿಸಿದೆ. ಬುಸ್ ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳ ಇನ್ನೊಮ್ಮೆ ಡಬ್ ಅಂದು ಮೇಲೆ ಬಂತು. ವಾಲ್ವ್ ಬಿಚ್ಚಿ ನೋಡಿದರೆ ನೊರೆ ಒಣಗಿ ಅರ್ಧ ಕಟ್ಟಿಕೊಂಡಿತ್ತು. ಜೋರಾಗಿ ಉಕ್ಕುವ ದಿನಗಳಲ್ಲಿ ಹೀಗೆ ಕಟ್ಟಿಕೊಂಡರೆ ಗಾಳಿ ಹೊರಗೂ ಹೋಗದೆ ಮುಚ್ಚಳ ಹಾರುತ್ತದೆ. ಎತ್ತಿ ಬಿಸಾಡಿದೆ.

ಆಗಲೇ ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದರು. ನೆಲದ ಕೆಂಪು ಕಲೆ ನೋಡಿದರು, ನನ್ನನ್ನು ನೋಡಿದರು. "ಏನ್ ಮೇಡಂ ಇದು? ಎರಡನೇದನ್ನೂ ಹಾಳ್ ಮಾಡ್ತಿದೀರಾ? ಯಾರ್ ಪರ್ಮಿಷನ್ ಕೊಟ್ರು?"

"ಯಾರೂ ಕೊಡಲಿಲ್ಲ. ಹಾಳಾದ್ರೆ ನನ್ನ ಹೆಸರು ಬರೀರಿ. ಬರೆಯುವುದರಲ್ಲಿ ನೀವು ಹೇಗೂ ಹುಷಾರು."

ಜೀವನದಲ್ಲಿ ಮೇಲಿನವರಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಮಾಲೀಕರಿಗೆ ಹೇಳುತ್ತೇನೆ ಅಂದರು. ಹೇಳಿ, ನಾಳೆ ಹನ್ನೊಂದು ಗಂಟೆಗೆ ಇಲ್ಲಿಗೇ ಕರಕೊಂಡು ಬನ್ನಿ ಅಂದೆ.

ಅವರು ಹೋದ ಮೇಲೆ ಸ್ಟೂಲಿನ ಮೇಲೆ ಕೂತು ಯೋಚಿಸಿದೆ. ಬಿಯರಿನವರು ಗಾಳಿಗೆ ಹೆದರುತ್ತಾರೆ, ಗಾಳಿ ತಾಗಿದರೆ ಬಿಯರ್ ಕೆಡುತ್ತದೆ. ನಾನು ಮಾಡುತ್ತಿರುವುದು ವಿನೆಗರ್. ಎರಡು ದಿನ ಬಿಟ್ಟು ಹೇಗೂ ಪಂಪು ಹಚ್ಚಿ ಗಾಳಿ ಊದುವವಳೇ ನಾನು. ಟ್ಯಾಂಕು ಎಳೆದರೆ ಎಳೆಯಲಿ, ಅದಕ್ಕೆ ಗಾಳಿ ಸಿಗಲಿ, ನೀರು ಸಿಗದಿದ್ದರೆ ಸಾಕಲ್ಲ! ಇಷ್ಟು ಸಣ್ಣ ವಿಷಯಕ್ಕೆ ಎರಡು ದಿನ ಹಾಳು ಮಾಡಿದ್ದೆ. ಸ್ಟೋರಿನಲ್ಲಿ ಮೂವತ್ತು ಲೀಟರಿನ ದಪ್ಪ ಪಾರದರ್ಶಕ ಡ್ರಮ್ಮು ಇತ್ತು. ಅದರ ಮುಚ್ಚಳಕ್ಕೆ ಎರಡು ತೂತು ಕೊರೆಸಿದೆ. ಟ್ಯಾಂಕಿನ ಪೈಪು ಒಂದರಲ್ಲಿ, ಬಕೆಟಿಗೆ ಹೋಗುವ ಪೈಪು ಇನ್ನೊಂದರಲ್ಲಿ. ಎರಡರ ತುದಿಯೂ ಡ್ರಮ್ಮಿನ ಒಳಗೆ ಮೇಲೆಯೇ ಇರಬೇಕು, ಬೆರಳುದ್ದಕ್ಕಿಂತ ಕೆಳಗೆ ಇಳಿಯಬಾರದು. ಡ್ರಮ್ಮು ನೆಲದ ಮೇಲೆ, ಬಕೆಟಿನ ಪಕ್ಕದಲ್ಲಿ. ಉಕ್ಕಿದ ನೊರೆ ಬಂದರೆ ಡ್ರಮ್ಮಿಗೆ ಬೀಳುತ್ತದೆ. ಬಕೆಟಿನ ನೀರು ವಾಪಸು ಎಳೆದು ಬಂದರೂ ಡ್ರಮ್ಮಿಗೇ ಬೀಳುತ್ತದೆ. ಡ್ರಮ್ಮು ಬಕೆಟಿಗಿಂತ ದೊಡ್ಡದು, ಹಾಗಾಗಿ ಅದು ತುಂಬಿ ಟ್ಯಾಂಕಿನ ಪೈಪಿಗೆ ಮುಟ್ಟುವ ಪ್ರಶ್ನೆಯೇ ಇಲ್ಲ.

ಟ್ಯಾಂಕನ್ನು ಮತ್ತೆ ಬೆಚ್ಚಗಿಟ್ಟು, ಗುರುವಾರ ಬೆಳಿಗ್ಗೆ ಆರಕ್ಕೇ ಬಂದು ಚಿಲ್ಲರನ್ನು ಹತ್ತಕ್ಕೆ ಇಳಿಸಿದೆ. ಮ್ಯಾನೇಜರ್ ಅಂದು ಇಳಿಸಿದ್ದ ಅದೇ ಹತ್ತು. ಬಕೆಟ್ ಕಂಠಮಟ್ಟ ತುಂಬಿಸಿದೆ. ಹನ್ನೊಂದಕ್ಕೆ ಮಾಲೀಕರು ಬಂದರು, ಕೈಯಲ್ಲಿ ಫೈಲು. ಹಿಂದೆ ಮ್ಯಾನೇಜರ್. ಆಪರೇಟರನ್ನೂ ಕರೆಸಿದ್ದರು, ಅವರು ಬಾಗಿಲ ಹೊರಗೆಯೇ ನಿಂತರು. ಒಳಗೆ ಬನ್ನಿ ಅಣ್ಣ ಅಂದೆ. ಬರಲಿಲ್ಲ.

ಅಷ್ಟು ಹೊತ್ತಿಗೆ ಬಕೆಟಿನಲ್ಲಿ ಅರ್ಧ ನೀರು ಉಳಿದಿತ್ತು, ಉಳಿದರ್ಧ ಡ್ರಮ್ಮಿನಲ್ಲಿತ್ತು. ಕೆಂಪು ನೀರು ಬಕೆಟಿನಿಂದ ಪೈಪು ಹತ್ತಿ, ಡ್ರಮ್ಮಿನೊಳಗೆ ತೊಟ್ಟಿಕ್ಕುತ್ತಿತ್ತು. ಯಾರೂ ಮುಟ್ಟಿರಲಿಲ್ಲ, ಪಂಪು ಇರಲಿಲ್ಲ. ಮಾಲೀಕರು ಬಗ್ಗಿ ನೋಡಿದರು. ಪೈಪಿನ ಹಿಂದೆ ಕೈಯಾಡಿಸಿ ಏನಾದರೂ ಅಡಗಿಸಿದ್ದೇನಾ ಅಂತ ನೋಡಿದರು. ಕುರ್ಚಿ ತರಿಸಿ ಕೂತರು. ಒಂದು ಗಂಟೆಗೂ ಹೆಚ್ಚು ಹೊತ್ತು ಆ ಮನುಷ್ಯ ಬಕೆಟನ್ನೇ ನೋಡುತ್ತ ಕೂತಿದ್ದರು. ಮ್ಯಾನೇಜರ್ ಎರಡು ಸಲ ಮಾತು ತೆಗೆದರು, ಎರಡು ಸಲವೂ ಅವರು ಕೈ ಎತ್ತಿ ಸುಮ್ಮನಾಗಿಸಿದರು. ಕೊನೆಗೆ ಬಕೆಟಿನ ತಳ ಕಂಡಿತು. ಪೈಪಿನ ತುದಿ ಗೊರ್ ಗೊರ್ ಎಂದು ಗಾಳಿ ಎಳೆಯಿತು. ಅಳತೆ ಕೋಲು ಇಳಿಸಿ ತೋರಿಸಿದೆ, ಟ್ಯಾಂಕಿನ ಮಟ್ಟ ಕೂದಲೆಳೆಯಷ್ಟೂ ಏರಿರಲಿಲ್ಲ. ಮುಚ್ಚಳವೂ ತಗ್ಗಾಗಿರಲಿಲ್ಲ. ಆಮೇಲೆ ಮೊದಲ ಟ್ಯಾಂಕಿನ ಬಿಳಿ ಕಟ್ಟಿದ ಪೈಪು, ಆಪರೇಟರ್ ಬರೆದ ಮಟ್ಟ, ಚಿಲ್ಲರಿನ ದಾಖಲೆ, ಮೂರನ್ನೂ ಒಂದೊಂದಾಗಿ ಅವರ ಕೈಗೆ ಕೊಟ್ಟೆ. ಬಕೆಟ್ ತುಂಬಿಸಿಡುವುದನ್ನು ನೋಡಿಯೂ ನಾನು ಬಾಯಿ ಮುಚ್ಚಿದ್ದೆ ಎನ್ನುವುದನ್ನೂ ಹೇಳಿದೆ.

"ಚಿಲ್ಲರ್ ಇಳಿಸಿದ್ದು ನೀನಾ?" ಮಾಲೀಕರು ಇಂಗ್ಲಿಷಿನಲ್ಲಿ ಮ್ಯಾನೇಜರನ್ನು ಕೇಳಿದರು.

"ಅದು ಪ್ರೊಸೆಸ್‌ಗೋಸ್ಕರ ಸರ್..."

"ಖಲಾಸ್." ಅವರು ಎದ್ದರು. ಪೊಲೀಸ್ ದೂರು ಬೇಡ, ಇನ್ಸ್‌ಪೆಕ್ಟರ್ ಎದುರಿಗೆ ಮೊದಲ ಟ್ಯಾಂಕು ಚೆಲ್ಲಿ, ಆದದ್ದನ್ನು ಆದ ಹಾಗೆ ಬರೆದುಕೊಡಿ, ಆಪರೇಟರ್ ತನ್ನ ಕೆಲಸಕ್ಕೆ ಹೋಗಲಿ ಅಂದರು. ನನಗೆ ಕಣ್ಣು ತುಂಬಿ ಬಂತು. ಆಗ ಅವರು ಫೈಲು ಬಿಚ್ಚಿ ಒಂದು ಹಾಳೆ ತೆಗೆದು ನನ್ನ ಕೈಗೆ ಕೊಟ್ಟರು. "ಹಾಗಾದರೆ ಇದಕ್ಕೆ ಯಾಕೆ ಸಹಿ ಹಾಕಿದ?"

ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದ. ಕೆಳಗೆ ಆಪರೇಟರ್ ಸಹಿ.

ಆಪರೇಟರ್ ಬಾಗಿಲಿನಿಂದಲೇ ಹೇಳಿದರು, "ಅದು ನಂದು ಅಕ್ಕ. ಮಂಗಳವಾರ ಸರ್ ಕೊಟ್ಟದ್ದು. ಊರಿಗೆ ಹೋಗುವ ರಜೆ ಅರ್ಜಿ, ಇದಕ್ಕೆ ಸೈನ್ ಹಾಕಿದ್ರೆ ಪೊಲೀಸ್ ಎಲ್ಲ ಇಲ್ಲದೆ ಟಿಕೆಟ್ ಮಾಡಿ ಕಳಿಸ್ತೇನೆ ಅಂದ್ರು. ಓದಿ ಹೇಳಿ, ಎಂತ ಉಂಟು ಅದ್ರಲ್ಲಿ?"

ಓದಿದೆ. ತುಳುವಿನಲ್ಲಿ ಒಂದೊಂದೇ ಸಾಲು ಹೇಳಿದೆ. ನಾನು ಟ್ಯಾಂಕಿನ ಆಲ್ಕೋಹಾಲ್ ಹುಳಿಯಾಗದೆ ಉಳಿಯಲೆಂದು ಬೇಕೆಂದೇ ಅದಕ್ಕೆ ರಾಸಾಯನಿಕ ಹಾಕಿದ್ದೇನೆ. ಇದರಲ್ಲಿ ಬೇರೆ ಯಾರ ಪಾತ್ರವೂ ಇಲ್ಲ. ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟಿದ್ದೇನೆ. ಅಲ್ಲಿಗೆ ನಿಲ್ಲಿಸಿದೆ. ಇನ್ನೂ ಒಂದು ಸಾಲು ಇತ್ತು, ಅದನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ.

ಮಾಲೀಕರು ನನ್ನಿಂದ ಕಾಗದ ಕಸಿದುಕೊಂಡು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡರು. ಮ್ಯಾನೇಜರ್ ಕಡೆ ತಿರುಗಿ, "ಯಲ್ಲಾ, ನಡೆ, ಆಫೀಸಿಗೆ ಬಾ," ಅಂದರು. ಇಬ್ಬರೂ ಹೋದರು. ಕೋಣೆಯಲ್ಲಿ ನಾನು, ಬಾಗಿಲಲ್ಲಿ ಆಪರೇಟರ್.

ಅವರು ಒಳಗೆ ಬಂದು ಡ್ರಮ್ಮನ್ನು ನೋಡಿದರು. ಮೆಲ್ಲಗೆ ಕೇಳಿದರು, "ಸೈನ್ ಹಾಕುವಾಗ ನೋಡಿದೆ, ಕೆಳಗೆ ಎರಡು ಸೈನ್ ಇತ್ತಲ್ಲ ಅಕ್ಕ. ಒಂದು ನಂದು. ಇನ್ನೊಂದು ಯಾರದ್ದು?"

ಮ್ಯಾನೇಜರ್ ದಿನಾ ಮಧ್ಯಾಹ್ನ ಒಂದು ಕಟ್ಟು ಕಾಗದ ಕಳಿಸುತ್ತಾರೆ. ಲ್ಯಾಬ್ ರಿಪೋರ್ಟು, ಲೇಬಲ್ಲು, ಗೇಟ್ ಪಾಸು. ನಾನು ಮೂಲೆ ಮಡಚಿ ಮಡಚಿ ಸಹಿ ಹಾಕುತ್ತ ಹೋಗುತ್ತೇನೆ. ಮಂಗಳವಾರ ನೆಲ ಒರೆಸುತ್ತಿದ್ದವಳು ಕೆಂಪು ಕೈಯಲ್ಲೇ ಹಾಕಿ ಕಳಿಸಿದ್ದೆ. ಆ ಕಾಗದದ ಕೊನೆಯ ಸಾಲಿನಲ್ಲಿ ಸಾಕ್ಷಿ ಅಂತ ನನ್ನ ಸಹಿ ಇತ್ತು.

"ನಂದು ಅಣ್ಣ," ಅಂದೆ. "ಓದ್ಲಿಲ್ಲ. ಓದದೆ ಹಾಕಿದೆ."

ಅವರು ಬಗ್ಗಿ ಖಾಲಿ ಬಕೆಟ್ ಎತ್ತಿಕೊಂಡರು. ಸಿಟ್ಟು ಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ.

"ನಂಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ ಅಕ್ಕ," ಅಂದರು. "ನಿಮಗೆ ಬರ್ತದಲ್ಲ?"